ಹೆಗಲಬಟ್ಟೆಯ ಕೆಳಗಿನ ಬೆಲೆ

"ಏನಣ್ಣಾ, ಏಣಿ ಮೇಲೇ ಕುಂತ್ಬುಟ್ಟೆ? ಹುಳ ಏನಾನ ಕತೆ ಹೇಳ್ತಾ ಅದಾ?"

ಕೆಳಗಿನ ಜಗಲಿಯಿಂದ ಮನೆಯವರ ದಾಯಾದಿ ಅಯ್ಯಾವು ಕೂಗಿದ. ಗೋಡೆಯ ಗೂಡಿನೊಳಗೆ ಕೈ ತೂರಿಸಿ, ಚಾಕುವಿನ ತುದಿಯಿಂದ ಒಣಮಣ್ಣು ಕೆರೆಯುತ್ತಿದ್ದೆ.

ಪಡಸಾಲೆಯ ನಾಲ್ಕು ತೊಲೆಗಳಲ್ಲಿ ಒಂದು ಬಿದ್ದುಹೋಗಿತ್ತು. ಆದರೆ ಅದರ ಒಂದು ಗೇಣು ತುದಿ ಗೋಡೆಯೊಳಗೇ ಉಳಿದಿತ್ತು. ಅದರ ಮುಖಕ್ಕೆ ಸೆಗಣಿ ಕಲಸಿದ ಮಣ್ಣು ಮೆತ್ತಿದ್ದರು. "ತೂತಿಗೆ ಹಾವು ಸೇರಬಾರ್ದು ಅಂತ ನಾನೇ ಮೆತ್ತಿಸ್ದೆ" ಎಂದು ಬೆಳಿಗ್ಗೆ ಅಯ್ಯಾವು ತಾನಾಗಿಯೇ ಹೇಳಿದ್ದ. ಕೇಳದ ಪ್ರಶ್ನೆಗೆ ಉತ್ತರ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಮಣ್ಣಿನ ಹೆಂಟೆ ಕಳಚಿ ಬಿತ್ತು. ಒಳಗೆ ಬೆರಳಿಟ್ಟೆ.

ಮುರಿದ ಮರ ಬೆರಳಿಗೆ ಚುಚ್ಚಬೇಕು. ಇದು ಚುಚ್ಚಲಿಲ್ಲ. ಮೇಲಿನಿಂದ ಮುಕ್ಕಾಲು ಪಾಲು ನುಣ್ಣಗಿತ್ತು. ಕೆಳಗಿನ ಕಾಲು ಪಾಲು ಮಾತ್ರ ಸಿಗುರೆದ್ದು ಹರಿದಿತ್ತು. ನುಣ್ಣಗಿದ್ದ ಕಡೆ ಗರಗಸದ ಹಲ್ಲಿನ ಗೆರೆಗಳು ಒಂದರ ಪಕ್ಕ ಒಂದು ಸಾಲಾಗಿ ನಿಂತಿದ್ದವು.

ಐದು ವರ್ಷ ಪೆರಿಯಾರ್ ಅಣೆಕಟ್ಟಿನ ಕಾಡಿನಲ್ಲಿ ಮರ ಕೊಯ್ದವನು ನಾನು. ಇದನ್ನು ಓದಲು ನನಗೆ ಬೆಳಕು ಕೂಡ ಬೇಕಿರಲಿಲ್ಲ. ಯಾರೋ ಅಟ್ಟದ ಮೇಲೆ ಕೂತು ತೊಲೆಯನ್ನು ಮುಕ್ಕಾಲು ಕೊಯ್ದು, ಉಳಿದ ಕೆಲಸವನ್ನು ಮಳೆಗೆ ಬಿಟ್ಟಿದ್ದರು.

ಐಪ್ಪಸಿ ತಿಂಗಳಲ್ಲಿ ಆ ಮಳೆ ನಾಲ್ಕು ದಿನ ಬಿಡದೆ ಹೊಯ್ದಿತ್ತು. ಹಂಚೆಲ್ಲ ನೀರು ಕುಡಿದು ಭಾರವಾಗಿ, ಉಂಡು ಮಲಗಿದ್ದ ಮನೆಯ ಯಜಮಾನ ರಂಗಸಾಮಿಯ ಮೇಲೆ ಮಾಡು ಕುಸಿದಿತ್ತು. ಹುಳು ತಿಂದ ತೊಲೆ, ಅವನ ಹಣೆಬರಹ ಎಂದು ಮಾರ್ಕಯನ್‌ಕೋಟ್ಟೈ ಊರು ನಲವತ್ತು ದಿನದ ಹಿಂದೆಯೇ ಮಾತು ಮುಗಿಸಿತ್ತು.

"ಅಣ್ಣಾ..."

ಈ ದನಿ ಬಾಗಿಲಿನಿಂದ ಬಂತು. ರಂಗಸಾಮಿಯ ಹೆಂಡತಿ ಪೇಚ್ಚಿಯಮ್ಮಾಳ್ ಹೊಸಿಲಿನ ಆಚೆಯೇ ನಿಂತಿದ್ದಳು. ಗಂಡನ ಹೆಣ ಹೊರಗೆ ತಂದ ದಿನದಿಂದ ಅವಳು ಈ ಪಡಸಾಲೆಗೆ ಕಾಲಿಟ್ಟಿಲ್ಲ. ಹಿತ್ತಲಿನ ದನದ ಕೊಟ್ಟಿಗೆಯಲ್ಲೇ ಅಡುಗೆ, ಅಲ್ಲೇ ನಿದ್ದೆ.

"ತೊಲೆ ಎಂಗದೆ ಅಣ್ಣಾ? ಪೂರಾ ತಿಂದ್ಬುಟ್ಟದಾ?"

ಅವಳು ಕೇಳುತ್ತಿದ್ದುದು ತೊಲೆಯನ್ನಲ್ಲ. ಮಳೆಗೆ ಹಿಂದಿನ ಪುರಟ್ಟಾಸಿ ತಿಂಗಳಲ್ಲಿ ರಂಗಸಾಮಿ ಅವಳ ಬಂಗಾರದ ಬಳೆ ಕೇಳಿದ್ದ. ತೊಲೆಗಳೆಲ್ಲ ಹೋಗಿವೆಯಂತೆ, ಬಳೆ ಅಡವಿಟ್ಟು ಮನೆ ರಿಪೇರಿ ಮಾಡಿಸೋಣ ಅಂದಿದ್ದ. ಅವಳ ತಾಯಿಯ ಬಳೆ ಅವು. ಪೊಂಗಲ್ ಕಳೆಯಲಿ ಅಂದಳು. ಪೊಂಗಲ್ಲಿಗೆ ಮೊದಲೇ ಮಾಡು ಬಿತ್ತು. ಬಾವಿಕಟ್ಟೆಯಲ್ಲಿ ಹೆಂಗಸರು ಅವಳಿಗೆ ಕೇಳುವ ಹಾಗೆಯೇ ಆಡಿಕೊಂಡರು: "ಬಳೆ ಉಳಿಸ್ಕೊಂಡ್ಳು, ಗಂಡನ್ನ ಕಳ್ಕೊಂಡ್ಳು."

ಊರು ಹೇಳಿದ್ದು ಇರಲಿ, ಅವಳೇ ಅದನ್ನು ನಂಬಿದ್ದಳು. ಅಪ್ಪ ಅವಳ ಹೆಸರಿಗೇ ಬರೆದುಕೊಟ್ಟ ಈ ಮನೆಯನ್ನು ಬಂದ ಬೆಲೆಗೆ ಮಾರಿ, ಚಿನ್ನಾಳಪಟ್ಟಿಯ ತಂಗಿಯ ಊರಿಗೆ ಹೋಗಿಬಿಡುವುದೆಂದು ಕೂತಿದ್ದಳು. ಆ ಬಳೆಗಳು ಈಗ ಅವಳ ಸೊಂಟದ ಗಂಟಿನಲ್ಲಿದ್ದವು. ವಿಧವೆಯ ಕೈಗೆ ಅವು ಏರುವಂತಿಲ್ಲ, ಮಾರಲು ಅವಳಿಗೆ ಮನಸ್ಸಿಲ್ಲ.

ತೊಲೆ ಗಟ್ಟಿಯಾಗಿತ್ತು ತಂಗಚ್ಚಿ, ನಿನ್ನ ತಪ್ಪೇನೂ ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಅವಳ ಎದೆಯ ಮೇಲಿನ ಕಲ್ಲು ಆ ಕ್ಷಣವೇ ಇಳಿಯುತ್ತಿತ್ತು. ಆದರೆ ಜಗಲಿಯಲ್ಲಿ ಅಯ್ಯಾವು ಕಿವಿ ನಿಮಿರಿಸಿ ಕೂತಿದ್ದ. ಬಿದ್ದ ತೊಲೆಯನ್ನು ಮರುದಿನವೇ ಎಳೆಸಿಕೊಂಡು ಹೋಗಿ ಬೆಲ್ಲದ ಆಲೆಮನೆಯ ಒಲೆಗೆ ಹಾಕಿಸಿದವನು ಅವನು. ಅತ್ತಿಗೆಯ ಕಣ್ಣಿಗೆ ಬೀಳಬಾರದು ಅಂತ ಮಾಡಿದನಂತೆ. ಈ ಗೇಣುದ್ದದ ತುಂಡಿಗೂ ಅದೇ ಗತಿ ಆದೀತು.

"ನೋಡ್ತಾ ಇದೀನಿ ತಂಗಚ್ಚಿ" ಅಂದೆ. ಮಣ್ಣನ್ನು ಉಗುಳಿನಲ್ಲಿ ಕಲಸಿ ಮತ್ತೆ ಅದರ ಮುಖಕ್ಕೆ ಮೆತ್ತಿದೆ.

ನನ್ನ ಕೆಲಸ ಕೊಲೆ ಹುಡುಕುವುದಲ್ಲ. ಮನೆ ಕೊಳ್ಳುವವರ ಪರವಾಗಿ ಏಣಿ ಹತ್ತಿ, ಗೋಡೆ ತಟ್ಟಿ, ಮರ ಕೊರೆದು, ಇಷ್ಟು ಕೊಡಬಹುದು, ಇದರ ಮೇಲೆ ಬೇಡ ಎಂದು ಹೇಳುವುದು. ಗವುಂಡರ ಮನೆಯಲ್ಲಿ ಹುಟ್ಟಿ ಆಸಾರಿಗಳ ಮರಗೆಲಸ ಹಿಡಿದನೆಂದು ನನ್ನವರು ನಗುತ್ತಾರೆ. ನಗಲಿ. ಅವರೂ ಮನೆ ಕೊಳ್ಳುವಾಗ ನನ್ನನ್ನೇ ಕರೆಯುತ್ತಾರೆ. ತಂಗವೇಲ್ ಹೇಳಿದ ಬೆಲೆ ಅಂದರೆ ದಿಂಡಿಗಲ್ಲಿನಿಂದ ಕಂಬಂವರೆಗೆ ಒಂದು ಮರ್ಯಾದೆ ಇದೆ. ಇತ್ತು ಅನ್ನಬೇಕೋ ಏನೋ, ಅದು ಈ ಕಂತಿನ ಕೊನೆಗೆ ನೀವೇ ತೀರ್ಮಾನಿಸಿ.

ಈ ಸಲ ನನ್ನನ್ನು ಕಳಿಸಿದವನು ವೇಲುಸಾಮಿ, ದಿಂಡಿಗಲ್ಲಿನ ಬೀಗದ ವ್ಯಾಪಾರಿ. ಪೆರಿಯಾರ್ ನೀರು ಕಣಿವೆಗೆ ಇಳಿದ ಮೇಲೆ ಇಲ್ಲಿ ವರ್ಷಕ್ಕೆ ಎರಡು ಬೆಳೆ. ಬಂಡಿ ರಸ್ತೆಯ ಮೇಲಿರುವ ಈ ಮನೆಯನ್ನು ಅವನು ನೆಲ್ಲಿನ ಮಂಡಿ ಮಾಡಬೇಕೆಂದಿದ್ದ. ಅವನ ಕಾಗದ ನನ್ನ ಜೇಬಿನಲ್ಲಿತ್ತು: "ತೊಲೆಗಳೆಲ್ಲ ಹೋಗಿವೆ ಎಂದು ತಿಳಿದವರೊಬ್ಬರು ಬರೆದುಕೊಟ್ಟಿದ್ದಾರಂತೆ. ಮುನ್ನೂರಕ್ಕೆ ಮುಗಿಸು. ಮಾರ್ಗಳಿ ಹುಟ್ಟುವುದರೊಳಗೆ ಮಾತು ಆಗಲಿ."

ಮಾರ್ಗಳಿಗೆ ಇನ್ನು ಎರಡು ದಿನ. ಆ ತಿಂಗಳಲ್ಲಿ ನಮ್ಮ ಜನ ಮನೆಯ ವ್ಯಾಪಾರದ ಮಾತೆತ್ತುವುದಿಲ್ಲ.

ಬೈರಿಗೆ ತೆಗೆದು ಉಳಿದ ಮೂರು ತೊಲೆಗಳನ್ನು ಕೊರೆದೆ. ಹೊಗೆ ಹಿಡಿದು ಕಪ್ಪಾದ ಮೇಲ್ಮೈ ಕೆಳಗಿನಿಂದ ನೋಡಿದರೆ ಹುಳುಕಿನ ಹಾಗೇ ಕಾಣುತ್ತಿತ್ತು. ಒಳಗಿನಿಂದ ಬಂದದ್ದು ಕೆಂಪು ಪುಡಿ. ಹೊನ್ನೆ ಮರ, ಒಣಗಿ ಕಬ್ಬಿಣವಾಗಿತ್ತು. ಒಂದೆಡೆಯೂ ಬೈರಿಗೆ ಜಾರಲಿಲ್ಲ. ಇನ್ನೂ ನೂರು ವರ್ಷ ನಿಲ್ಲುವ ಮರ. ನಾಲ್ಕನೆಯದೂ ಇದೇ ಮರದ್ದೇ, ಗೋಡೆಯಲ್ಲಿ ಉಳಿದ ತುದಿಯೇ ಸಾಕ್ಷಿ.

ಆ "ತಿಳಿದವನು" ಯಾರೋ, ಏಣಿ ಹತ್ತಿಯೇ ಇಲ್ಲ. ಅವನ ಬಾಯಿಗೆ ಮಣ್ಣು ಬೀಳಲಿ ಎಂದು ಬೈದುಕೊಂಡೆ.

ಏಣಿಯ ಮೇಲೆ ನಿಂತೇ ಲೆಕ್ಕ ಹಾಕಿದೆ. ಗಟ್ಟಿ ಮನೆಯಾಗಿದ್ದರೆ ಸಾವಿರ ರೂಪಾಯಿ. ಘಟ್ಟದಿಂದ ಹೊಸ ತೊಲೆ ಇಳಿಸಲು ಅರವತ್ತು, ಹಲಗೆ ಹಂಚಿಗೆ ಎಪ್ಪತ್ತು, ಸುಣ್ಣ ಕೂಲಿಗೆ ಇಪ್ಪತ್ತು. ರಿಪೇರಿ ಕಳೆದು ಎಂಟುನೂರ ಐವತ್ತು ಬಾಳುವ ಮನೆ. ವೇಲುಸಾಮಿ ಆರುನೂರ ಐವತ್ತರಿಂದ ಶುರುಮಾಡಿ ಎಂಟುನೂರಕ್ಕೆ ನಿಲ್ಲಬಹುದು. ನಾಲ್ಕೂ ತೊಲೆ ಹುಳುಕಾಗಿದ್ದರೆ ಮುನ್ನೂರೂ ಜಾಸ್ತಿ.

ಆಗ ಹೊಳೆಯಿತು. ಈ ಮನೆಯ ನಿಜವಾದ ಬೆಲೆ ಹೇಳುವುದೂ ಒಂದೇ, ರಂಗಸಾಮಿಯನ್ನು ಕೊಂದರು ಎಂದು ಹೇಳುವುದೂ ಒಂದೇ. ತೊಲೆಗಳು ಗಟ್ಟಿ ಎಂದು ನನಗೆ ತಿಳಿದು ಒಂದು ಗಂಟೆಯೂ ಆಗಿಲ್ಲ. ಅದಕ್ಕೆ ಮೊದಲೇ ಅದು ತಿಳಿದಿದ್ದ ಒಬ್ಬನಿದ್ದಾನೆ. ಗರಗಸ ಹಿಡಿದವನಿಗೆ ಮರ ಎಷ್ಟು ಗಟ್ಟಿ ಅಂತ ಅವನ ತೋಳೇ ಹೇಳಿರುತ್ತದೆ.

ಯಾರು?

ಐಪ್ಪಸಿಯ ಷಷ್ಠಿ ಹಬ್ಬಕ್ಕೆಂದು ಗಂಡ ಹೆಂಡತಿ ಪಳನಿಗೆ ಹೋಗಿ ಆರು ದಿನ ಮನೆಯಲ್ಲಿರಲಿಲ್ಲ. ಬಂದ ಮಾರನೆಯ ವಾರವೇ ಮಾಡು ಬಿತ್ತು. ಆ ಆರು ದಿನ ಬೀಗದ ಕೈ ಅಯ್ಯಾವುವಿನ ಹತ್ತಿರ ಇತ್ತು. ಅವನು ರಂಗಸಾಮಿಯ ಚಿಕ್ಕಪ್ಪನ ಮಗ. ಆದರೆ ಆ ಬೀಗ ದಿಂಡಿಗಲ್ಲಿನದು, ವೇಲುಸಾಮಿಯ ಅಂಗಡಿಯದು, ಎರಡನೆಯ ಕೈ ಅಂಗಡಿಯಲ್ಲೇ ಉಳಿದಿದ್ದರೂ ಉಳಿದಿರಬಹುದು. ಮನೆ ಬೇಕಾಗಿದ್ದುದು ಇಬ್ಬರಿಗೂ. ರಂಗಸಾಮಿ ಇಬ್ಬರಿಗೂ ಕೊಡಲ್ಲ ಅಂದಿದ್ದ.

ನನಗೆ ಸಂಬಳ ಕೊಡುವವನೇ ಕೊಲೆಗಾರ ಇರಬಹುದು ಎಂದುಕೊಳ್ಳುತ್ತಾ ಏಣಿ ಇಳಿದೆ.

ಅಯ್ಯಾವು ಜಗಲಿಯ ಮೇಲೆ ಎಲೆ ಅಡಿಕೆ ಮಡಚುತ್ತಿದ್ದ. ಮೂವತ್ತು ವರ್ಷ ದನದ ವ್ಯಾಪಾರ ಮಾಡಿ, ಈಗ ಎರಡು ವರ್ಷದಿಂದ ನೆಲ್ಲು ಹಿಡಿದವನು. ಕಿವಿಯಲ್ಲಿ ಕೆಂಪು ಕಲ್ಲಿನ ಕಡುಕು, ಹೆಗಲ ಮೇಲೆ ಅಗಲವಾದ ಬಟ್ಟೆ. ಮುದಿ ಎತ್ತನ್ನು ಹೊಗಳಿ ಮಾರುವುದು, ಎಳೆ ಎತ್ತನ್ನು ಹಳಿದು ಕೊಳ್ಳುವುದು, ಅವನ ನಾಲಗೆ ಕಲಿತದ್ದು ಇಷ್ಟೇ.

ಬೆಳಿಗ್ಗೆ ನಾನು ಏಣಿ ಹಾಕುವಾಗ ಅವನು ಕೇಳಿದ್ದ: "ತೈ ತಿಂಗ್ಳು ಸುಗ್ಗಿಗೆ ಈ ಅಟ್ಟದ ಮ್ಯಾಲೆ ಇನ್ನೂರು ಮೂಟೆ ನೆಲ್ಲು ಹಿಡೀತದಾ ಅಣ್ಣಾ?" ಕೇಳಿ, ತಕ್ಷಣ ನಾಲಗೆ ಕಚ್ಚಿಕೊಂಡು, "ಯಾರ್ ತಗೊಂಡ್ರೂ ಕೇಳಬೇಕಾದ್ದೇ ಅಲ್ವಾ" ಎಂದು ಸೇರಿಸಿದ್ದ. ಹುಳುಕು ತೊಲೆಯ ಮೇಲೆ ಇನ್ನೂರು ಮೂಟೆ ಏರಿಸುವ ಹುಚ್ಚ ಈ ಕಣಿವೆಯಲ್ಲಿ ಯಾರಿದ್ದಾನೆ?

ಅವನನ್ನು ಪರೀಕ್ಷಿಸಬೇಕಿತ್ತು. ಅದಕ್ಕೆ ಮೊದಲು ನಾನು ಸುಳ್ಳು ಹೇಳಬೇಕಿತ್ತು, ಪೇಚ್ಚಿಯಮ್ಮಾಳ್ ಎದುರಿಗೇ.

"ಹುಳ ತಿಂದದೆ" ಅಂದೆ. "ನಾಲ್ಕನ್ನೂ ತಿಂದದೆ. ಮುನ್ನೂರರ ಮ್ಯಾಲೆ ಬಾಳಲ್ಲ."

"ನಾನ್ ಆಡಿ ತಿಂಗ್ಳಿಂದ ಅದನ್ನೇ ಬಾಯ್ ಬಡ್ಕೋತಾ ಇದೀನಿ!" ಅಯ್ಯಾವು ತೊಡೆ ತಟ್ಟಿದ. "ತಿಳಿದೋರ್ ಹೇಳಿದ್ರು, ಅಣ್ಣನ್ ಕಿವೀಗೆ ಹೋಗ್ಲಿಲ್ಲ. ಕೇಳುಸ್ಕೊಂಡ್ರಾ ಅತ್ತಿಗೆ? ಇವ್ರೂ ಅದನ್ನೇ ಅಂತಾ ಅವ್ರೆ."

ಪೇಚ್ಚಿಯಮ್ಮಾಳ್ ಅಳಲಿಲ್ಲ. ಕೊನೆಯ ಒಂದು ಆಸೆ ಇದ್ದದ್ದೂ ಮುಗಿಯಿತು ಅನ್ನುವ ಹಾಗೆ ತಲೆಯಾಡಿಸಿದಳು. ಸೊಂಟದ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

"ಬಿಸಿಲಲ್ಲಿ ಹತ್ತಿ ಇಳ್ದಿದೀರ. ಮಜ್ಜಿಗೆ ತರ್ತೀನಿ" ಎಂದು ಕೊಟ್ಟಿಗೆಯ ಕಡೆ ನಡೆದಳು.

ಹತ್ತು ನಿಮಿಷದ ಮಾತು, ಆಮೇಲೆ ನಿಜ ಹೇಳಿ ಕಾಲಿಗೆ ಬಿದ್ದರಾಯಿತು ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೂ ಅವಳು ನಡೆದುಹೋದ ರೀತಿ ನೋಡಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅಯ್ಯಾವುವಿನ ಪಕ್ಕ ಕೂತೆ. ದನಿ ತಗ್ಗಿಸಿದೆ.

"ನೋಡಪ್ಪ, ನೀನೊಂದು ಮಾತು ಏರ್ಸಿ ನಾನೊಂದು ಮಾತು ಏರ್ಸಿದ್ರೆ ಇಬ್ರಿಗೂ ನಷ್ಟ. ನಿನ್ ನಿಜವಾದ ಬೆಲೆ ಕೈಯಲ್ಲಿ ಹೇಳು. ನಮ್ ಸಾಹುಕಾರಂದಕ್ಕಿಂತ ಮ್ಯಾಲಿದ್ರೆ ನಾನು ಇಲ್ಲಿಂದ್ಲೇ ಎದ್ದೋಗ್ತೀನಿ. ನನ್ ಕೂಲಿ ನೀ ಕೊಟ್ಟರಾಯ್ತು."

ಅವನು ನನ್ನನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ನಕ್ಕ. ಹೆಗಲಬಟ್ಟೆ ತೆಗೆದು ನಮ್ಮಿಬ್ಬರ ಬಲಗೈಗಳ ಮೇಲೆ ಹೊದಿಸಿದ.

ದನದ ಸಂತೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬಾಯಲ್ಲಿ ಬೆಲೆ ಆಡುವುದಿಲ್ಲ. ಬಟ್ಟೆಯ ಕೆಳಗೆ ಒಬ್ಬನ ಬೆರಳನ್ನು ಇನ್ನೊಬ್ಬ ಹಿಡಿಯುತ್ತಾನೆ. ಈ ವ್ಯಾಪಾರದಲ್ಲಿ ಒಂದು ಬೆರಳಿಗೆ ನೂರು. ಬಟ್ಟೆಯ ಮೇಲೆ ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ಆಣೆ ಇಡಬಹುದು, ಎತ್ತಿನ ಹಲ್ಲು ಎಣಿಸಿ ಅಳಬಹುದು. ಬಟ್ಟೆಯ ಕೆಳಗೆ ಹಿಡಿದ ಬೆಲೆಯನ್ನು ಮಾತ್ರ ನಮ್ಮವರು ಸುಳ್ಳು ಮಾಡುವುದಿಲ್ಲ. ಮಾಡಿದವನ ಜೊತೆ ಮತ್ತೆ ಯಾರೂ ಕೈ ಸೇರಿಸುವುದಿಲ್ಲ. ಅಯ್ಯಾವುವಿಗೆ ಮೂವತ್ತು ವರ್ಷದ ಅಭ್ಯಾಸ ಅದು.

ನಾನು ಮೊದಲು ಹಿಡಿದೆ, ನಾಲ್ಕು ಬೆರಳು. ನಾನೂರು.

ಅವನ ತುಟಿ ತಿರಸ್ಕಾರದಲ್ಲಿ ಓರೆಯಾಯಿತು. ಅವನ ಕೈ ನನ್ನ ಐದೂ ಬೆರಳುಗಳನ್ನು ಬಿಗಿಯಾಗಿ ಹಿಡಿಯಿತು. ಬಿಟ್ಟಿತು. ಮತ್ತೆ ಮೂರು ಬೆರಳು ಹಿಡಿಯಿತು.

ಎಂಟುನೂರು.

ನನ್ನ ಲೆಕ್ಕಕ್ಕೂ ಅವನ ಲೆಕ್ಕಕ್ಕೂ ಐವತ್ತೇ ರೂಪಾಯಿ ವ್ಯತ್ಯಾಸ. ನಾನು ಮೂರು ತೊಲೆ ಕೊರೆದು ಕಂಡುಕೊಂಡದ್ದನ್ನು ಅವನು ಎಲೆ ಅಡಿಕೆ ಜಗಿಯುತ್ತಾ ಹೇಳಿಬಿಟ್ಟಿದ್ದ.

"ಅಯ್ಯಾವು, ಹುಳ ತಿಂದ ಮನೆಗೆ ಎಂಟುನೂರಾ?" ಅಂದೆ.

ಅವನ ಜಗಿಯುವ ಬಾಯಿ ನಿಂತಿತು.

"ಜಾಗಕ್ಕೆ" ಅಂದ. "ಮನೆ ಕೆಡವಿ ಮಂಡಿ ಕಟ್ತೀನಿ. ರಸ್ತೆ ಮ್ಯಾಲಿನ ಜಾಗ."

"ಪಕ್ಕದ್ ಜಾಗ ಇಷ್ಟೇ ಅಗಲ, ಅದೂ ರಸ್ತೆ ಮ್ಯಾಲೇ. ಹೋದ ತಿಂಗ್ಳು ನೂರಿಪ್ಪತ್ತಕ್ಕೆ ತಗೊಂಡೋನು ನೀನೇ ಅಲ್ವಾ?"

ಅವನು ಎಡಗೈಯಲ್ಲಿ ಎಲೆ ಅಡಿಕೆಯ ಚೀಲ ಆಚೆ ಸರಿಸಿದ.

"ಕೆಡವೋ ಮನೆ ಅಟ್ಟದ ಮ್ಯಾಲೆ ತೈ ತಿಂಗ್ಳಿಗೆ ಇನ್ನೂರು ಮೂಟೆ ಯಾಕಪ್ಪ ಏರುಸ್ತೀಯಾ? ಇನ್ನು ನಲ್ವತ್ತು ದಿನದಲ್ಲಿ ಕೆಡವಿ ಕಟ್ಟೋಕಾಗ್ತದಾ? ತೊಲೆ ಗಟ್ಟಿ ಅಂತ ನಿನಗೆ ಗೊತ್ತು. ನಾನು ಇವತ್ತು ಕಂಡದ್ದು ನಿನಗೆ ಐಪ್ಪಸೀಲೇ ಗೊತ್ತಿತ್ತು. ಹೆಂಗೆ?"

"ನೀನೇ ಈಗ ಹುಳ ತಿಂದದೆ ಅಂದ್ಯಲ್ಲಾ!"

"ಅಂದೆ. ನೀನು ನಂಬ್ಲಿಲ್ಲ. ನಂಬಿದ್ರೆ ಎಂಟು ಬೆರಳು ಹಿಡೀತಿರ್ಲಿಲ್ಲ. ಗೋಡೆ ಒಳಗೆ ತುದಿ ಉಳ್ದದೆ ಅಯ್ಯಾವು. ಮಣ್ಣು ಕೆರೆದು ನೋಡ್ದೆ. ಅಣ್ಣ ಅತ್ತಿಗೆ ಪಳನೀಲಿ ಕೈ ಮುಗೀತಾ ಇದ್ದಾಗ ನೀನು ಅಟ್ಟದ ಮ್ಯಾಲೆ ಗರಗಸ ಎಳೀತಾ ಇದ್ದೆ. ರಿಪೇರಿಗೆ ಆಸಾರಿ ಬಂದ್ರೆ ತೊಲೆ ಗಟ್ಟಿ ಅಂತ ಬಯಲಾಗ್ತಿತ್ತು. ಅದಕ್ಕೆ ಮೊದ್ಲೇ ಬೀಳ್ಬೇಕಿತ್ತು, ಅಲ್ವಾ?"

ಅವನ ಮುಖದಲ್ಲಿ ರಕ್ತ ಇಳಿಯಿತು. ಅದನ್ನು ನಾನು ಕಣ್ಣಾರೆ ಕಂಡೆ, ಖುಷಿಪಟ್ಟೆ ಎಂದೇ ಹೇಳುತ್ತೇನೆ. ಆ ತುಂಡನ್ನು ಕಿತ್ತು ಉತ್ತಮಪಾಳೆಯದ ಮ್ಯಾಜಿಸ್ಟ್ರೇಟರ ಮೇಜಿನ ಮೇಲೆ ಇಟ್ಟರೆ ಮುಗಿಯಿತು ಎಂದುಕೊಂಡೆ. ಆಮೇಲೆ ಪೇಚ್ಚಿಯಮ್ಮಾಳ್ ತಲೆಯೆತ್ತಿ ಬಾವಿಗೆ ಹೋಗಬಹುದು.

ಅಯ್ಯಾವು ಎಲೆಯ ಉಗುಳನ್ನು ಜಗಲಿಯಾಚೆ ಉಗುಳಿದ. ನಿಧಾನವಾಗಿ ಬಾಯಿ ಒರೆಸಿಕೊಂಡ. ಕೈ ಮಾತ್ರ ಬಟ್ಟೆಯ ಕೆಳಗೇ ಇತ್ತು, ನನ್ನ ಕೈ ಹಿಡಿದೇ ಇತ್ತು.

"ಮ್ಯಾಜಿಸ್ಟ್ರೇಟರು ಕೇಳ್ತಾರೆ, ತೊಲೆ ಗಟ್ಟಿ ಅಂತ ಹೇಳ್ದೋರ್ ಯಾರು ಅಂತ" ಅಂದ.

"ನಾನು ಹೇಳ್ತೀನಿ."

"ಸರಿ ತಾನೇ. ತಂಗವೇಲ್ ಹೇಳಿದ್ರೆ ಯಾರ್ ಬೇಡ ಅಂತಾರೆ?" ಎಡಗೈಯಲ್ಲಿ ಸೊಂಟದ ಮಡಿಕೆಯಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಜಗಲಿಯ ಮೇಲೆ ಬಿಡಿಸಿ, ಹಾರದ ಹಾಗೆ ಮೇಲೊಂದು ಹಂಚಿನ ಚೂರು ಇಟ್ಟ. "ಅಣ್ಣನ್ ಪೆಟ್ಟಿಗೇಲಿ ಸಿಕ್ತು. ಬರಹ ಗುರ್ತು ಸಿಗ್ತದಾ ನೋಡು."

ನೋಡಿದೆ.

ಗುರುತು ಸಿಗದೆ ಏನು? ಗುಂಡಗೆ, ಎಡಕ್ಕೆ ವಾಲಿದ ಅಕ್ಷರ. ಕೆಳಗೆ ನನ್ನ ಹೆಸರು.

"ಹೊನ್ನೆ ತೊಲೆ ನಾಲ್ಕು. ನಾಲ್ಕನ್ನೂ ಹುಳು ತಿಂದಿದೆ. ರಿಪೇರಿಗೆ ನಾನೂರು ಬೀಳುತ್ತದೆ. ಮುನ್ನೂರರ ಮೇಲೆ ಕೊಡತಕ್ಕದ್ದಲ್ಲ."

ಮಾಡು ಬೀಳುವುದಕ್ಕೆ ಮೂರು ತಿಂಗಳು ಮೊದಲು, ಆಡಿ ತಿಂಗಳು. ದಿಂಡಿಗಲ್ ಕೋಟೆಯ ಬಂಡೆಯ ಕೆಳಗಿನ ಛತ್ರ. ಒಬ್ಬ ದಲ್ಲಾಳಿ ಐದು ರೂಪಾಯಿ ಮುಂದಿಟ್ಟು, ಒಂದು ಮನೆ ಹೀಗಿದೆ ಎಂದು ಹೇಳಿದ. ನೋಡದೆ ಹೇಗೆ ಬರೆಯಲಿ ಅಂದೆ. ಬೆಲೆ ಸ್ವಲ್ಪ ಇಳಿದರೆ ಸಾಕು, ಯಾರಿಗೇನು ನಷ್ಟ ಅಂದ. ಬರೆದೆ. ಊರಿನ ಹೆಸರಿನ ಜಾಗ ಖಾಲಿ ಬಿಡಿ ಅಂದ. ಬಿಟ್ಟೆ. ಅವನನ್ನು ಕಳಿಸಿದವರು ಯಾರೆಂದೂ ಕೇಳಲಿಲ್ಲ. ಆ ಖಾಲಿ ಜಾಗದಲ್ಲಿ ಈಗ ಬೇರೆ ಶಾಯಿಯಲ್ಲಿ ಮಾರ್ಕಯನ್‌ಕೋಟ್ಟೈ ಎಂದಿತ್ತು. ಅಂಥ ಕಾಗದ ನಾನು ಆ ವರ್ಷ ಎಷ್ಟು ಬರೆದೆನೋ, ನೆನಪಿಲ್ಲ. ಅದರಿಂದ ಯಾರೂ ಸಾಯುವುದಿಲ್ಲ ಎಂದುಕೊಂಡಿದ್ದೆ.

ಏಣಿ ಹತ್ತದ ಆ ತಿಳಿದವನು ನಾನೇ. ಬಾಯಿಗೆ ಮಣ್ಣು ಬೀಳಲಿ ಎಂದು ಶಾಪ ಹಾಕಿದ್ದೂ ನನಗೇ.

ಈ ಕಾಗದ ನೋಡಿಯೇ ರಂಗಸಾಮಿ ಹೆಂಡತಿಯ ಬಳೆ ಕೇಳಿದ್ದ. ಈ ಕಾಗದವಿಲ್ಲದಿದ್ದರೆ ರಿಪೇರಿ ಮಾತಿಲ್ಲ, ಬಳೆಯ ಜಗಳವಿಲ್ಲ, ಹುಳುಕಿನ ಕತೆಯೂ ಇಲ್ಲ. ತೊಲೆ ಮುರಿದು ಬಿದ್ದಾಗ ಒಬ್ಬನಾದರೂ ಯಾಕೆ ಎಂದು ಕೇಳುತ್ತಿದ್ದ.

"ಒಂದೇ ಕೈ, ಎರಡು ಮಾತು" ಅಯ್ಯಾವು ಸಮಾಧಾನವಾಗಿ ಹೇಳಿದ, ಎತ್ತಿಗೆ ಹುಲ್ಲು ಹಾಕುವವನ ಹಾಗೆ. "ಇದು ಐದು ರೂಪಾಯಿ ಮಾತು. ಗಟ್ಟಿ ಅನ್ನೋದಕ್ಕೆ ವೇಲುಸಾಮಿ ಎಷ್ಟು ಕೊಟ್ರು ಅಂತ ಕೇಳ್ತಾರೆ. ಗರಗಸದ ಗುರ್ತಾ? ಏಣಿ ಮ್ಯಾಲೆ ಒಂದ್ ಗಂಟೆ ಒಬ್ಬನೇ ಇದ್ದೋನ್ ನೀನು. ಗರಗಸ ಇರೋದು ನಿನ್ ಚೀಲದಲ್ಲಿ. ನನ್ ಮನೇಲಿ ದನದ ಹಗ್ಗ ಬಿಟ್ರೆ ಏನೂ ಇಲ್ಲ."

ನಾನು ಚೀಲದ ಕಡೆ ನೋಡಿದೆ, ಗರಗಸದ ಹಿಡಿ ಹೊರಗೇ ಕಾಣುತ್ತಿತ್ತು.

"ಎಂಟುನೂರು ಅಂದ್ರೆ ಎಂಟುನೂರೇ. ಬಟ್ಟೆ ಕೆಳಗೆ ಹಿಡ್ದ ಬೆಲೆ ನಾನು ಯಾವತ್ತೂ ಸುಳ್ಳು ಮಾಡ್ದೋನಲ್ಲ. ಅತ್ತಿಗೇಗೆ ಮುನ್ನೂರು." ಅವನ ಕೈ ಸರಿದು ನನ್ನ ಐದೂ ಬೆರಳುಗಳನ್ನು ಒಟ್ಟಿಗೆ ಹಿಡಿಯಿತು. "ನಿನಗೆ ಇಷ್ಟು. ಆ ತುಂಡು ಆಲೆಮನೆ ಒಲೆಗೆ, ಈ ಕಾಗದಾನೂ ಅಲ್ಲಿಗೇ. ಒಪ್ಪಿಗೆ ಅಂದ್ರೆ ತಿರುಗಿ ಒಂದ್ ಸಲ ಅಮುಕು. ಇಲ್ಲಾಂದ್ರೆ ಕೈ ಎಳ್ಕೋ. ನಾನೇ ಊರ್ ಮುಂದೆ ಇದನ್ನ ಓದಿ ಹೇಳ್ತೀನಿ."

ಐನೂರು ರೂಪಾಯಿ. ಅಣೆಕಟ್ಟಿನಲ್ಲಿ ಐದು ವರ್ಷ ಕಾಡುಜ್ವರ ಹಿಡಿಸಿಕೊಂಡು ದುಡಿದರೂ ಅಷ್ಟು ಕಂಡವನಲ್ಲ ನಾನು.

ಕಾಲಿನ ಸದ್ದಾಯಿತು. ಪೇಚ್ಚಿಯಮ್ಮಾಳ್ ಮಜ್ಜಿಗೆಯ ಚೊಂಬು ಹಿಡಿದು ಬಂದು ಜಗಲಿಯ ಕೆಳಗೆ ನಿಂತಳು. ನಮ್ಮ ಕೈ ಮೇಲಿನ ಬಟ್ಟೆ ನೋಡಿದಳು.

"ಬೆಲೆ ಮಾತಾಡ್ತಾ ಇದೀರಾ? ಮಾತಾಡಿ. ಎಷ್ಟಾದ್ರೂ ಸರಿ, ನಾನೇನ್ ಕೇಳಲ್ಲ."

ಚೊಂಬು ಇಡಲು ಬಗ್ಗಿದವಳು ಹಾಗೇ ನಿಂತಳು. ಹಂಚಿನ ಚೂರಿನ ಕೆಳಗಿದ್ದ ಕಾಗದ ಅವಳ ಕಣ್ಣಿಗೆ ಬಿದ್ದಿತ್ತು.

"ಇದು... ಅವ್ರು ತಂದು ತೋರ್ಸಿದ್ ಕಾಗ್ದ ಅಲ್ವಾ?"

ಅಯ್ಯಾವು ಕೈ ಚಾಚುವುದರೊಳಗೆ ಅವಳು ಅದನ್ನು ಎತ್ತಿಕೊಂಡಿದ್ದಳು. ತಲೆಕೆಳಗಾಗಿ ಹಿಡಿದು ಅಕ್ಷರಗಳ ಮೇಲೆ ಬೆರಳಾಡಿಸಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಅವತ್ತು ಬಳೆ ಕೇಳ್ದಾಗ ಇದನ್ನ ಹಿಡ್ಕೊಂಡು ನಿಂತಿದ್ರು. 'ಕೇಳು ಪೇಚ್ಚಿ, ದೊಡ್ಡವ್ರು ಬರ್ದವ್ರೆ, ಓದ್ತೀನಿ' ಅಂದ್ರು. ನಿಮ್ ಕಾಗ್ದ ಒಲೆಗೆ ಹಾಕಿ ಅಂದ್ಬುಟ್ಟೆ ಅಣ್ಣಾ ನಾನು. ಓದಾಕೂ ಬಿಡ್ಲಿಲ್ಲ. ಕೇಳಿದ್ರೆ ಕೊಟ್ಟಿರ್ತಿದ್ನೋ ಏನೋ." ಅವಳ ದನಿ ಅಲ್ಲಿ ಮೊದಲ ಸಲ ಒಡೆಯಿತು. "ನಲ್ವತ್ತು ದಿನದಿಂದ ಇದೊಂದನ್ನ ಹುಡುಕ್ತಾ ಇದೀನಿ."

"ಅತ್ತಿಗೆ, ತನ್ನಿ, ನಾನು ಓದ್ತೀನಿ" ಅಂದ ಅಯ್ಯಾವು. ಅವನ ಹಿಡಿತ ಬಟ್ಟೆಯ ಕೆಳಗೆ ಬಿಗಿಯಾಯಿತು.

"ನೀ ಬೇಡ." ಅವಳು ಅವನ ಕಡೆ ತಿರುಗಲೂ ಇಲ್ಲ. ಒಂದು ಹೆಜ್ಜೆ ಮುಂದೆ ಬಂದು ಕಾಗದವನ್ನು ನನ್ನ ಮುಂದೆ ಹಿಡಿದಳು. "ಊರಲ್ಲಿ ಯಾರ್ ಮಾತೂ ನಂಗೆ ಬೇಡ. ನೀವು ಏಣಿ ಹತ್ತಿ ಕಣ್ಣಾರೆ ನೋಡಿ ಹೇಳ್ದೋರು. ನೀವು ಓದಿ ಅಣ್ಣಾ. ಒಂದಕ್ಷರ ಬಿಡ್ಬೇಡಿ. ಕೆಳಗೆ ಬರ್ದೋರ್ ಹೆಸ್ರು ಇರ್ತದಲ್ಲಾ, ಅದನ್ನೂ ಓದಿ."

ಕಾಗದದ ಅಂಚು ನನ್ನ ಎದೆಗೆ ತಾಗುತ್ತಿತ್ತು. ಅದನ್ನು ಹಿಡಿಯಬೇಕಾದ ಬಲಗೈ ಬಟ್ಟೆಯ ಕೆಳಗಿತ್ತು. ಐದೂ ಬೆರಳುಗಳನ್ನು ಅಯ್ಯಾವು ಬಿಟ್ಟಿರಲಿಲ್ಲ.

ನಾನೂ ಕೈ ಎಳೆದುಕೊಂಡಿರಲಿಲ್ಲ.